ಎರಡು ಮೊಳ ಜಾಸ್ತಿ

"ಚೀಲ ಮುಟ್ಬೇಡ ಅಕ್ಕ."

ದಮಿಯಾನ್ ದನಿ ಏರಿಸಲಿಲ್ಲ. ಅದಕ್ಕೇ ನೊರಿಂಗ್‌ಗೆ ಹೆದರಿಕೆಯಾಯಿತು. ಅಕ್ಕಿ ಚೀಲದ ಬಾಯಿಗೆ ನೈಲಾನ್ ಹಗ್ಗ ಬಿಗಿದು, ಮೇಲೊಂದು ಹಳೆಯ ರೇನ್‌ಕೋಟು ಸುತ್ತಿ, ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿ ತಳ್ಳುಗಾಡಿಯಲ್ಲಿಟ್ಟ.

"ಏನೋ ಅದು?"

"ಕೆಲಸದ ಸಾಮಾನು."

ಹೊರಡುವ ಮುಂಚೆ ಅಮ್ಮನ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡ. ಐವತ್ತು ದಾಟಿದ ಗಂಡಸು, ಹಬ್ಬಹುಣ್ಣಿಮೆಯಲ್ಲದೆ ಆಶೀರ್ವಾದ ಬೇಡುವವನಲ್ಲ. ಅಮ್ಮ ಅವನ ತಲೆ ಸವರಿದಳು. "ನಿಧಾನ ಕಣೋ. ಅಲ್ಲಾಡಿಸ್ಬೇಡ."

ಅಂದರೆ ಅಮ್ಮನಿಗೂ ಗೊತ್ತು.

ಅವಳು ಬಾಳೆಹಣ್ಣು ಕರಿದು ಮಾರುವ ತಿರುವಿನ ಎದುರಿಗೇ ವೀರರ ಮಶಾನದ ಹಿಂಗೋಡೆ. ದಮಿಯಾನ್ ಅಲ್ಲಿ ಗುಂಡಿ ತೋಡುವವನು. ಈ ವಾರ ಅವನು ತೋಡಿದ್ದು ಯಾರಿಗೆಂದು ಇಡೀ ಕೇರಿಗೇ ಗೊತ್ತು. ದೇಶವನ್ನು ಹಿಂಡಿ ಹಿಪ್ಪೆ ಮಾಡಿ, ಕೊನೆಗೆ ಓಡಿಹೋಗಿ ಪರದೇಶದಲ್ಲಿ ಸತ್ತ ಸರ್ವಾಧಿಕಾರಿಯನ್ನು ವೀರರ ನಡುವೆಯೇ ಹೂಳಬಹುದೆಂದು ಕೋರ್ಟು ಹೇಳಿತ್ತು. ಮನಿಲಾದಲ್ಲಿ ಕೆಲವರು ಸಿಹಿ ಹಂಚಿದರು, ಕೆಲವರು ಬೀದಿಗಿಳಿದರು. ಮಶಾನದ ಆಳುಗಳಲ್ಲೂ ಹಲವರು ಗುದ್ದಲಿ ಕೆಳಗಿಟ್ಟರು. ದಮಿಯಾನ್ ಮಾತ್ರ ತಾನೇ ಮುಂದೆ ಹೋಗಿ ಆ ಕೆಲಸ ಕೇಳಿ ಪಡೆದಿದ್ದ.

"ದೊರೆಗೆ ಹಾಸಿಗೆ ಹಾಸ್ತಿದಾನಂತೆ ನಿನ್ ತಮ್ಮ?" ಪಕ್ಕದ ಮೀನಿನಂಗಡಿಯ ಚೋಲೆಂಗ್ ಕುಟುಕಿದಳು. "ಒಡಹುಟ್ಟಿದ ಅಣ್ಣನ್ನ ಕೊಂದೋನಿಗೆ! ಉಪ್ಪು ಖಾರ ತಿನ್ನೋ ಮೈ ತಾನೇ ಅವನ್ದು?"

ನೊರಿಂಗ್ ಬಾಣಲೆಯ ಬಾಳೆಹಣ್ಣು ಮಗುಚಿದಳು. ಅಣ್ಣ ಅರ್ಸೆನ್‌ನನ್ನು ಸೈನಿಕರು ಕಾಲೇಜಿನ ಬಾಗಿಲಲ್ಲೇ ಎತ್ತಿಕೊಂಡು ಹೋದಾಗ ಅವಳಿನ್ನೂ ಲಂಗದ ಹುಡುಗಿ. ವಾರದ ಮೇಲೆ ಸೇತುವೆಯ ಕೆಳಗೆ ಹೆಣವಾಗಿ ಸಿಕ್ಕ. ದೇಶದ್ರೋಹಿ ಎಂದರು. ಇಗರ್ಜಿಯ ಗಂಟೆ ಕೂಡ ಬಾರಿಸಲಿಲ್ಲ. ಪುರಸಭೆಯ ಮಶಾನದಲ್ಲಿ ಗೋಡೆಯೊಳಗೆ ಶವಪೆಟ್ಟಿಗೆ ಇಡುವ ಬಾಡಿಗೆಯ ಗೂಡೊಂದರಲ್ಲಿ ಅವನನ್ನು ಮಲಗಿಸಿದ್ದರು. ಸತ್ತವರ ಹಬ್ಬಕ್ಕೆ ಮೊನ್ನೆ ಮೇಣದ ಬತ್ತಿ ಹಚ್ಚಲು ಹೋದ ಅಮ್ಮ ಅಲ್ಲಿಯ ಕಾವಲಿನವನ ಜೊತೆ ಜಗಳವಾಡಿಕೊಂಡು ಬಂದಿದ್ದಳು. ವಾಯಿದೆ ಮೀರಿದ ಗೂಡುಗಳನ್ನು ಅವರು ಮುಲಾಜಿಲ್ಲದೆ ಖಾಲಿ ಮಾಡಿಸುತ್ತಾರೆ. ಆವತ್ತಿನಿಂದ ತಾಯಿ ಮಗನದು ಒಂದೇ ಗುಸುಗುಸು. ನೊರಿಂಗ್ ಒಳಗೆ ಬಂದರೆ ಇಬ್ಬರೂ ಬಾಯಿ ಹೊಲಿದುಕೊಳ್ಳುತ್ತಿದ್ದರು.

ವೀರರ ಮಶಾನದ ಕಾವಲಿನ ಸಿಪಾಯಿಯೊಬ್ಬ ಬಾಳೆಹಣ್ಣಿಗೆ ಬಂದ. "ನಿಮ್ ತಮ್ಮಂಗೆ ಅಳತೆ ಗೊತ್ತಿಲ್ವೇನಮ್ಮಾ? ಎರಡು ಮೊಳ ಜಾಸ್ತಿ ಆಳ ತೋಡಿದಾನೆ. ಬೈದ ಮೇಲೆ ಇವತ್ತು ಬೆಳಗ್ಗೆ ಹೋಗಿ ಮತ್ತೆ ಮಣ್ಣು ತುಂಬಿದ. ಮುದುಕ ಎದ್ದು ಬರ್ತಾನೆ ಅಂತ ಭಯಾನೋ ಏನೋ!"

ಅವನು ನಕ್ಕ. ನೊರಿಂಗ್‌ಳ ಕೈಯ ಜಾಲರಿ ಸಟ್ಟುಗ ಎಣ್ಣೆಗೆ ಬಿತ್ತು.

ಗುಂಡಿ ತೋಡುವ ಮುಂಚೆ ದಮಿಯಾನ್ ಕಲ್ಲುಕ್ವಾರಿಯಲ್ಲಿದ್ದ. ಬಂಡೆಯಡಿ ಮದ್ದು ಹೂತು, ಮೇಲೆ ಮಣ್ಣು ತುಂಬುವುದೇ ಅವನ ಕೆಲಸವಾಗಿತ್ತು.

ಅಲ್ಲಾಡಿಸ್ಬೇಡ, ಎಂದಿದ್ದಳು ಅಮ್ಮ.

ಅಷ್ಟರಲ್ಲಿ ತಲೆಯ ಮೇಲೆ ಹೆಲಿಕಾಪ್ಟರ್ ಗುಡುಗಿತು. ಸಿಪಾಯಿ ಬೆಚ್ಚಿ ಮೇಲೆ ನೋಡಿದ. "ಇವತ್ತೇನಾ! ಕಳ್ಳರ ಥರ ತಂದುಬಿಟ್ರಲ್ಲ!" ಎಂದವನೇ ಮುಂಬಾಗಿಲ ಕಡೆ ಓಡಿದ.

ನೊರಿಂಗ್ ಒಲೆಯನ್ನೂ ಆರಿಸದೆ ಓಡಿದಳು. ಒಬ್ಬನನ್ನು ಆ ಪಾಪಿಗೆ ಕೊಟ್ಟಾಗಿತ್ತು. ಇನ್ನೊಬ್ಬನನ್ನೂ ಕೊಡಲು ಅವಳು ತಯಾರಿರಲಿಲ್ಲ. ಸೇಡು ತೀರಲಿ, ತೀರದಿರಲಿ, ತಮ್ಮ ಬದುಕಿದ್ದರೆ ಸಾಕಿತ್ತು.

ಆಳುಗಳ ಹಿಂಬಾಗಿಲು ತೆರೆದೇ ಇತ್ತು. ಬಿಳಿ ಶಿಲುಬೆಗಳ ಸಾಲಿನಾಚೆ ಬಾವುಟ ಹೊದೆಸಿದ ಪೆಟ್ಟಿಗೆ, ಪದಕ ತೊಟ್ಟ ಅಧಿಕಾರಿಗಳು, ಕಪ್ಪುಬಟ್ಟೆಯ ಮನೆಮಂದಿ. ಪೆಟ್ಟಿಗೆ ಗುಂಡಿಯ ಬಾಯಿಗೆ ಬಂದಿತ್ತು.

ಢಂ!

ನೆಲ ನಡುಗಿತು. ನೊರಿಂಗ್ "ದಮಿಯಾನ್!" ಎಂದು ಚೀರಿ ಮೊಣಕಾಲೂರಿ ಬಿದ್ದಳು.

ಢಂ! ಮತ್ತೊಂದು. ಕೊಂಚ ಬಿಟ್ಟು ಇನ್ನೊಂದು. ಅಲ್ಲಿ ಯಾರೂ ಓಡಲಿಲ್ಲ, ಕೂಗಲಿಲ್ಲ. ಆಗ ಅವಳಿಗೆ ತಿಳಿಯಿತು, ಅದು ತೋಪು.

ಅವಳು ಎದ್ದು ತಡವರಿಸುತ್ತ ಹೋದಳು. ಗುದ್ದಲಿ ಇಡುವ ಕೊಟ್ಟಿಗೆಯ ಮರೆಯಲ್ಲಿ ದಮಿಯಾನ್ ಟೊಪ್ಪಿಗೆ ತೆಗೆದು ನಿಂತಿದ್ದ. ಮೊಣಕಾಲವರೆಗೂ ಮಣ್ಣು. ಪಕ್ಕದಲ್ಲಿ ಅಮ್ಮ, ಇಗರ್ಜಿಗೆ ಉಡುವ ಬಟ್ಟೆಯಲ್ಲಿ, ಊರುಗೋಲಿಲ್ಲದೆ.

ನೊರಿಂಗ್ ತಮ್ಮನ ಅಂಗಿ ಹಿಡಿದು ಜಗ್ಗಿದಳು. "ಚೀಲ ಎಲ್ಲೋ?"

"ಕೆಳಗಿದೆ. ಪೆಟ್ಟಿಗೆ ಅಡಿ."

"ಯಾವಾಗ ಸಿಡಿಯತ್ತೆ? ನಡೀರಿ, ಓಡಿಹೋಗೋಣ, ನಡಿಯಮ್ಮಾ!"

"ಸಿಡಿಯೋದಾ?" ದಮಿಯಾನ್ ಏನೂ ಅರ್ಥವಾಗದವನಂತೆ ಅಕ್ಕನ ಮುಖ ನೋಡಿದ.

ಅತ್ತ ಪೆಟ್ಟಿಗೆ ಇಳಿಯುತ್ತಿತ್ತು. ಪದಕದವರೆಲ್ಲ ಹಣೆಗೆ ಕೈಯಿಟ್ಟು ಸೆಲ್ಯೂಟ್ ಹೊಡೆದಿದ್ದರು. ತೋಪು ಮತ್ತೆ ಗುಡುಗಿತು. ಅಮ್ಮನ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಸೇತುವೆಯ ದಿನವೂ ಅಳದಿದ್ದ ಅಮ್ಮ.

"ನೆಟ್ಟಗೆ ನಿಂತ್ಕೊಳ್ಳೇ ನೊರಿಂಗ್," ಎಂದಳು. "ನಿಮ್ಮಣ್ಣಂಗೆ ಕುಶಾಲು ತೋಪು ಹಾರಿಸ್ತಿದಾರೆ."