ಕೆರೆಯಂಗಳದ ಮಂಜು

ಹುಣಸೆಮರದ ಬೊಡ್ಡೆಗೆ ಬೆನ್ನು ಒತ್ತಿ ಶಿವಶಂಕರ ಉಸಿರು ಬಿಗಿಹಿಡಿದು ನಿಂತಿದ್ದ. ಮಧುವನಹಳ್ಳಿಯ ಕೆರೆಯಂಗಳದಲ್ಲಿ ನಾಲ್ಕು ಮಾರು ಆಚೆಗಿನದೇನೂ ಕಾಣುತ್ತಿರಲಿಲ್ಲ. ಆ ಮಂಜಿನೊಳಗೆಲ್ಲೋ ಅವನ ಹೆಂಡತಿ ಪುಷ್ಪ ಇದ್ದಳು. ಒಬ್ಬಳೇ ಇರಲಿಲ್ಲ.

ಇವತ್ತು ಮಂಜು ಬೀಳುವುದು ಅವನಿಗೆ ನಿನ್ನೆಯೇ ಗೊತ್ತಿತ್ತು. ಗೊತ್ತಿರಬೇಕಾದದ್ದು ಅವನ ಕಸುಬು. ರೈತ ಮಾಹಿತಿ ಕೇಂದ್ರವೊಂದರಲ್ಲಿ ಕುಳಿತು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನ ರೈತರ ಮೊಬೈಲಿಗೆ ಪ್ರತಿ ಸಂಜೆ ಹವಾಮಾನ ಓದಿ ಕಳಿಸುವವನು ಅವನೇ. ಮಳೆ, ಗಾಳಿ, ಬಿಸಿಲು ಊರಿಗೆ. ಮಂಜಿನ ಸುದ್ದಿ ಮಾತ್ರ ಮನೆಗೆ. ಬೇಸಿಗೆಯ ಕೊನೆಯಲ್ಲಿ ಮಂಜಿನ ಚಿಂತೆ ಯಾವ ರೈತನಿಗಿದೆ?

ಅವ್ವನಿಗಿತ್ತು.

"ಶಂಕ್ರಾ, ನಾಳೆ ಮಂಜು ಬೀಳ್ತದಾ?" ಉಣ್ಣಲು ಕುಳಿತಾಗಲೆಲ್ಲ ಸೋಮಮ್ಮ ಕೇಳುತ್ತಿದ್ದಳು. "ಮಂಜು ಬಿದ್ ದಿನ್ವೇ ನನ್ ಮಂಡಿ ಇಡ್ಕತದೆ ಕಣ್ಲಾ."

ನಿಜ. ಮಂಜು ಬಿದ್ದ ಬೆಳಗುಗಳಲ್ಲೇ ಅವಳು ಕುಂಟುತ್ತ, ನೋವಿನ ಎಣ್ಣೆ ತಿಕ್ಕಿಕೊಳ್ಳುತ್ತ ಕೂರುತ್ತಿದ್ದಳು. ಬಿ.ಎಸ್ಸಿ. ಓದಿದ ಶಿವಶಂಕರ ತೇವಾಂಶಕ್ಕೂ ಕೀಲುನೋವಿಗೂ ಇರುವ ನಂಟನ್ನು ಅವಳಿಗೆ ಬಿಡಿಸಿ ಹೇಳಿದ್ದ. ಸಂಜೆ ನಾಲ್ಕು ಹನಿ ಬಿದ್ದು, ರಾತ್ರಿ ಮೋಡ ಚದುರಿ, ಗಾಳಿ ನಿಂತರೆ ತಗ್ಗಿನಲ್ಲಿ ಮಂಜು ಕೂರುತ್ತದೆ ಎಂಬುದನ್ನೂ ಹೇಳಿದ್ದ. ಅವ್ವ ತಲೆದೂಗುತ್ತಿದ್ದಳು. ಅವಳು ತಲೆದೂಗದ ಮುನ್ಸೂಚನೆ ಒಂದೇ. ಹನೂರು ಕಡೆಯ ಶಾಗ್ಯದಲ್ಲಿರುವ ತನ್ನ ತಂಗಿ ಚಿಕ್ಕನಿಂಗಮ್ಮನ ಮನೆಗೆ ಕರೆದುಕೊಂಡು ಹೋಗು ಎಂದಾಗಲೆಲ್ಲ ಅವನು ಹೇಳುತ್ತಿದ್ದ:

"ಈ ವಾರ ಬ್ಯಾಡ ಕಣವ್ವ. ಅನೂರು ಕಡೆ ಗುಡುಗು ಅಂತ ಅದೆ."

"ವರ್ಸ್‌ವೆಲ್ಲಾ ಗುಡುಗ್ತಾನೇ ಇರ್ತದೇನ್ಲಾ ಅಲ್ಲಿ?"

ಮೊನ್ನೆ ಟೀ ಅಂಗಡಿಯ ನಿಂಗಯ್ಯ ಲೋಟ ಕೈಗಿಡುತ್ತ ದನಿ ತಗ್ಗಿಸಿದ್ದ. "ಏನ್ ಸಾ, ಮೇಡಮ್ಮೋರ ಸ್ಕೂಟ್ರು ವತಾರೆಗೇ ಕೆರೆ ಅಂಗ್ಳದಲ್ಲಿ ಸುತ್ತಾ ಇತ್ತು? ಇಬ್ರಿದ್ರು."

"ಇಬ್ರಾ? ಯಾರು?"

"ಮಂಜಲ್ಲಿ ಮಖ ಎಲ್ಲಿ ಕಂಡದು ಸಾ? ಮುಂದ್ಗಡೆಯೋರು ಎಲ್ಮೆಟ್ಟು ಆಕಂಡು ಶಾಲು ಒದ್ಕಂಡಿದ್ರು. ಇಂದ್ಗಡೆ ಮೇಡಮ್ಮೋರು ಅವ್ರ ಸೊಂಟ ಬಿಗಿಯಾಗಿ ಇಡ್ಕಂಡಿದ್ರು." ಅಷ್ಟು ಹೇಳಿ ನಿಂಗಯ್ಯ ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದ.

ಪುಷ್ಪ ಶಾಲೆಯ ಟೀಚರ್. ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ ಎಂದಿದ್ದಳು. ವಾಕಿಂಗಿಗೆ ಸ್ಕೂಟರ್ ಯಾಕೆ? ಅದೂ ಬ್ಯಾಟರಿ ಸ್ಕೂಟರ್, ಹೋದದ್ದೂ ತಿಳಿಯದು, ಬಂದದ್ದೂ ತಿಳಿಯದು. ಒಳ್ಳೆಯ ಕೆಲಸವೇ ಆಗಿದ್ದರೆ ಮಂಜಿನ ಮರೆ ಏಕೆ ಬೇಕು?

ಶಿವಶಂಕರ ಕೂಗಾಡುವ ಗಂಡನಲ್ಲ. ಪ್ರಯೋಗ ಮಾಡಿ ನೋಡುವ ಗಂಡ. ಮಂಜು ಖಚಿತವೆಂದು ಗೊತ್ತಿದ್ದ ಸಂಜೆ "ನಾಳೆ ಮಂಜಿಲ್ಲ" ಎಂದು ಮನೆಯಲ್ಲಿ ಸುಳ್ಳು ಹೇಳಿದ. ಬೆಳಿಗ್ಗೆ ಮಂಜು ಕವಿದು ಕರಗಿತು, ಪುಷ್ಪ ಮುಸುಕೆಳೆದು ಮಲಗೇ ಇದ್ದಳು. ಅವ್ವನೂ ಅಂದು ಕುಂಟದೆ ಓಡಾಡಿದಳು. ಅವಳ ಮಂಡಿಗೂ ತನ್ನ ಮಾತಿನ ಮೇಲೆ ಇಷ್ಟು ನಂಬಿಕೆಯೇ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು.

ನಿನ್ನೆ ನಿಜ ಹೇಳಿದ. "ನಾಳೆ ದಟ್ಟ ಮಂಜು." ಪುಷ್ಪಳ ಕಣ್ಣು ಮಿನುಗಿತು. ಅವ್ವ ನಿಟ್ಟುಸಿರಿಟ್ಟು ಎಣ್ಣೆಯ ಸೀಸೆ ಹತ್ತಿರಕ್ಕೆಳೆದುಕೊಂಡಳು.

ಇವತ್ತು ಪುಷ್ಪ ಎದ್ದಳು. ಹಿಂದೆಯೇ ಅವನೂ ಎದ್ದ.

ಅವನಿಗಿದ್ದ ಸಂಕಟ ಇನ್ನೊಂದು. ಮಾದಪ್ಪನ ಪೂಜೆಗೆಂದು ಅವ್ವ ದಿನವೂ ನಸುಕಿನಲ್ಲೇ ಕಣಗಿಲೆ ಬಿಡಿಸಲು ಬರುವುದು ಇದೇ ಏರಿಗೆ. ಈಗಲೂ ಇಲ್ಲೇ ಎಲ್ಲೋ ಇರುತ್ತಾಳೆ. ಪಾಪ, ಸೊಸೆಯ ಈ ಚೆಂದ ಅವಳ ಕಣ್ಣಿಗೆ ಬೀಳಬಾರದು.

ಮಂಜಿನೊಳಗಿಂದ ಪುಷ್ಪಳ ನಗು ತೇಲಿಬಂತು.

"ಮೆಲ್ಲಗೆ, ಮೆಲ್ಲಗೆ! ಅಷ್ಟೊಂದು ಬಿಗಿ ಹಿಡೀಬೇಡಿ, ಕೈ ಸಡಿಲ ಬಿಡಿ. ಹೆದರಿಕೆ ಯಾಕೆ, ನಾನಿಲ್ವಾ?"

ಬಹುವಚನ! ಯಾರೋ ದೊಡ್ಡ ಮನುಷ್ಯನೇ ಇರಬೇಕು.

"ಇನ್ನೆಷ್ಟು ದಿನ ಇಲ್ಲೇ ಕದ್ದು ಸುತ್ತೋದು? ಇವತ್ತು ಹೊರಟೇ ಬಿಡೋಣ," ಎಂದಳು ಪುಷ್ಪ. "ರಸ್ತೆ ಸಿಕ್ಕಿದ ಮೇಲೆ ನಾನು ಮುಂದೆ ಕೂತ್ಕೋತೀನಿ. ಅವರಿಗೆ ಅಲ್ಲಿಂದ ಫೋನ್ ಮಾಡಿ ಹೇಳಿದರಾಯ್ತು."

ಇದು ಸುತ್ತಾಟವಲ್ಲ, ಮನೆ ಬಿಟ್ಟು ಹೋಗುವ ಮಾತು! ಪ್ರಯೋಗ, ಸಂಯಮ, ಬಿ.ಎಸ್ಸಿ. ಎಲ್ಲವೂ ಹುಣಸೆಮರದ ಬುಡದಲ್ಲೇ ಉಳಿದವು. ಎರಡೂ ಕೈ ಚಾಚಿ ಅಂಗಳಕ್ಕೆ ನುಗ್ಗಿದ.

ಮಂಜು ಸೀಳಿಕೊಂಡು ದೀಪವೊಂದು ಓಲಾಡುತ್ತ ನೇರ ಅವನ ಮೇಲೆಯೇ ಬಂತು. ಬಂದದ್ದು ಕಿರ್ರೆಂದು ಅವನ ಪಂಚೆಯ ನೆರಿಗೆಗೆ ತಾಗಿ ನಿಂತಿತು. ಮುಂದೆ ಹೆಲ್ಮೆಟ್, ಶಾಲು. ಹಿಂದೆ ನಾಲಿಗೆ ಕಚ್ಚಿಕೊಂಡ ಪುಷ್ಪ. ಕಾಲಬುಡದಲ್ಲಿ ತುಂಬಿದ ಬಟ್ಟೆಯ ಚೀಲ.

"ಯಾವನ್ಲಾ ಅವ್ನು? ತಗಿಯೋ ಎಲ್ಮೆಟ್ಟ!" ಶಿವಶಂಕರನ ಕೂಗಿಗೆ ಏರಿಯ ಕೊಕ್ಕರೆಗಳೆಲ್ಲ ಎದ್ದವು.

ಹೆಲ್ಮೆಟ್ಟಿನ ಗಾಜು ಸಾವಕಾಶವಾಗಿ ಮೇಲೆದ್ದಿತು. ಚೀಲದ ಬಾಯಲ್ಲಿ ಆಗತಾನೆ ಬಿಡಿಸಿದ ಕಣಗಿಲೆ ಹೂ ಇಣುಕುತ್ತಿತ್ತು.

"ಅಡ್ಡ ನಿಂತ್ಕಬ್ಯಾಡ, ಅತ್ಲಾಗ್ ಸರ್ಕಳ್ಳಾ ಶಂಕ್ರಾ," ಎಂದಳು ಸೋಮಮ್ಮ, "ಶಾಗ್ಯದಲ್ಲಿ ಇವತ್ತು ಗುಡುಗಿಲ್ವಂತೆ, ಚಿಕ್ಕನಿಂಗಿ ಪೋನ್ ಮಾಡಿದ್ಲು."