ಎರವಲು ಮೂಗು

ಪತ್ರಕ್ಕೆ ಸಹಿ ಇರಲಿಲ್ಲ. ಮೇಷ್ಟ್ರಿಗೆ ಸಹಿ ಬೇಕಾಗಿಯೂ ಇರಲಿಲ್ಲ.

‘ಆಸಿಡ್ ಉಗ್ರಾಣ ನೋಡಿಕೊಳ್ಳುವವರಿಗೆ ವಾಸನೆಯೇ ತಿಳಿಯುವುದಿಲ್ಲ. ಏನಾದರೂ ಸೋರಿದರೆ ಎಲ್ಲರೂ ಹೋದಂತೆಯೇ.’ ಎರಡೇ ಸಾಲು. ಪ್ರಯೋಗಾಲಯದ ನಿರ್ದೇಶಕಿ ಕಾಗದವನ್ನು ಅವರತ್ತ ತಿರುಗಿಸಿಟ್ಟರು.

“ಯಾರೋ ಆಗದವರು ಬರೆದಿದ್ದಾರೆ, ಮೇಡಂ.”

“ಇರಬಹುದು. ಮೂರು ಗಂಟೆಗೆ ಸಣ್ಣ ಪರೀಕ್ಷೆ ಮಾಡಿಬಿಡೋಣ. ಸುಳ್ಳಾದ್ರೆ ಇದನ್ನ ನಾನೇ ಹರಿದು ಹಾಕ್ತೀನಿ. ನಿಜ ಆದ್ರೆ ಉಗ್ರಾಣದ ಕೀ ಕೊಟ್ಟುಬಿಡಿ.”

ಆ ಬೀಗದಕೈ ಇಪ್ಪತ್ತಾರು ವರ್ಷದಿಂದ ಮೇಷ್ಟ್ರ ಸೊಂಟದಲ್ಲಿತ್ತು. ಮನೆಯಲ್ಲಿ ಹೆಂಡತಿಗೆ ಅವರ ಮಾತಿನ ಮೇಲೆ ಇಲ್ಲದ ನಂಬಿಕೆ ಪ್ರಯೋಗಾಲಯಕ್ಕೆ ಅವರ ಮೂಗಿನ ಮೇಲೆ ಇತ್ತು. ಯಾವ ಸೀಸೆಯ ಮುಚ್ಚಳ ಸಡಿಲವಾಗಿದೆಯೆಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು. ‘ಮೂಗಿನ ಮೇಷ್ಟ್ರು’ ಎಂಬ ಹೆಸರು ಬಂದದ್ದು ಹಾಗೆ. ಬೀಗದಕೈ ಹೋದರೆ ನಿವೃತ್ತಿಗೆ ಉಳಿದ ಎಂಟು ತಿಂಗಳು ಖಾಲಿ ಸೀಸೆ ತೊಳೆಯುತ್ತ ಕೂರಬೇಕು. ಅದೂ ತಾವೇ ಕಲಿಸಿದವರ ಕಣ್ಣೆದುರಿಗೆ.

ಆ ಮೂಗು ಸತ್ತ ವಿಷಯ ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ.

ಮೂರು ವರ್ಷದ ಹಿಂದೆ ಅಮೋನಿಯಾ ಸಿಲಿಂಡರಿನ ವಾಲ್ವ್ ಕಿತ್ತುಕೊಂಡಾಗ ಸಹಾಯಕಿ ಉಗ್ರಾಣದೊಳಗಿದ್ದಳು. ಮೇಷ್ಟ್ರು ಒದ್ದೆ ಟವೆಲು ಮುಖಕ್ಕೆ ಸುತ್ತಿಕೊಂಡು ನುಗ್ಗಿ, ಅವಳನ್ನು ಎಳೆದು ತಂದರು. ಅವಳು ಬದುಕಿದಳು. ಇವರ ಮೂಗಿನ ನರಗಳು ಸುಟ್ಟವು; ವಾಸನೆಯೂ ಇಲ್ಲ, ಘಾಟಿನ ಉರಿಯೂ ಇಲ್ಲ. ಆಸ್ಪತ್ರೆಯ ಅಕ್ಕಪಕ್ಕದ ಮಂಚಗಳಲ್ಲಿ ಮಲಗಿದ್ದಾಗ ಅವಳಿಗಷ್ಟೇ ಹೇಳಿದ್ದರು: “ಯಾರ ಹತ್ರಾನೂ ಬಾಯಿ ಬಿಡಬೇಡ ಕಣಮ್ಮಾ. ಇನ್ಮೇಲೆ ನೀನೇ ನನ್ನ ಮೂಗು.” ಅವಳು ಏನೋ ಹೇಳಲು ಹೊರಟು, ಅವರ ಮುಖ ನೋಡಿ, ತಲೆಯಾಡಿಸಿದ್ದಳು.

ಅಂದಿನಿಂದ ಕಪಾಟುಗಳನ್ನು ಮೊದಲು ತೆರೆಯುವವಳು ಅವಳು. ರಿಜಿಸ್ಟರಿನ ಮೇಲೆ ಪೆನ್ನಿನಿಂದ ಒಂದು ಬಡಿತ ಎಂದರೆ ಆಸಿಡ್ ಹೊಗೆ. ಎರಡಾದರೆ ಅಮೋನಿಯಾ. ಬಡಿತವಿಲ್ಲದಿದ್ದರೆ ಕ್ಷೇಮ. ಮೇಷ್ಟ್ರು ಆಮೇಲೆ ಗಾಳಿಯನ್ನು ಸೊರ್ರೆಂದು ಎಳೆದುಕೊಂಡು, “ಎಡಗಡೆ ಕಪಾಟು, ಆಸಿಡ್ಡು” ಎಂದು ಘೋಷಿಸುತ್ತಿದ್ದರು. ಹೊಸಬರು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಕೆಲಸದಲ್ಲಿ ಅವಳು ಅತಿ ಚೊಕ್ಕ. ಬೆಳಗಾದರೆ ಪ್ರತಿ ಕಪಾಟಿನೊಳಗೂ ಒದ್ದೆ ಲಿಟ್ಮಸ್ ಕಾಗದದ ಚೂರು ಸಿಕ್ಕಿಸುತ್ತಿದ್ದಳು. ಆಸಿಡ್ ಹೊಗೆಗೆ ನೀಲಿ ಕಾಗದ ಕೆಂಪಾಗುತ್ತದೆ, ಅಮೋನಿಯಾಕ್ಕೆ ಕೆಂಪು ಕಾಗದ ನೀಲಿಯಾಗುತ್ತದೆ.

“ಗಟ್ಟಿ ಮೂಗಿರೋಳಿಗೆ ಕಾಗದ ಯಾಕಮ್ಮಾ?” ಎಂದು ಮೇಷ್ಟ್ರು ರೇಗಿಸಿದರೆ, “ಇರಲಿ ಬಿಡಿ ಮೇಷ್ಟ್ರೇ, ಎರಡು ಸಾಕ್ಷಿ ಇದ್ರೆ ಒಳ್ಳೇದು,” ಎನ್ನುತ್ತಿದ್ದಳು.

ಕಳೆದ ಮಂಗಳವಾರ ಮಾತ್ರ ಪೆನ್ನು ಬಡಿಯಲಿಲ್ಲ. ಮೇಷ್ಟ್ರು ನಿಶ್ಚಿಂತೆಯಿಂದ ಕಪಾಟಿನ ಮುಂದೆಯೇ ಕೂತು ಚೀಟಿ ಅಂಟಿಸುತ್ತಿದ್ದರು. ಪಕ್ಕದ ಕೋಣೆಯ ಗುಮಾಸ್ತ ಕೆಮ್ಮುತ್ತ ಓಡಿಬಂದು, “ಏನ್ರೀ ಇದು, ಉಸಿರು ಕಟ್ತಿದೆ!” ಎಂದು ಕೂಗಿದಾಗಲೇ ಸೀಸೆಯೊಂದು ಬಿರುಕು ಬಿಟ್ಟದ್ದು ಕಂಡಿತು.

“ಯಾಕೆ ಹೇಳಲಿಲ್ಲ?”

“ಕಾಗದ ಒಣಗಿತ್ತು... ಗಮನಿಸಲಿಲ್ಲ, ಮೇಷ್ಟ್ರೇ.”

ಆಗ ಮೈಮರೆವು ಎಂದುಕೊಂಡಿದ್ದರು. ಪತ್ರ ಓದಿದ ಮೇಲೆ ಎಲ್ಲವೂ ಸರಿಯಾಗಿ ಕೂತಿತು. ಮೊದಲು ಸಿಕ್ಕಿಸಿ ಹಾಕುವುದು, ಆಮೇಲೆ ದೂರು ಬರೆಯುವುದು. ಉಗ್ರಾಣಕ್ಕೆ ಮುಂದಿನ ಹಕ್ಕುದಾರಳು ಅವಳೇ. ಎಂಟು ತಿಂಗಳು ಕಾಯಲಾರದೆ ಹೋದಳು. ಹಾವಿಗೆ ಹಾಲೆರೆಯುವುದನ್ನು ಮೇಷ್ಟ್ರು ಗಾದೆಯಲ್ಲಿ ಕೇಳಿದ್ದರು. ಮಾಡಿ ನೋಡಿದ್ದು ಈಗ.

ಮೂರು ಗಂಟೆಗೆ ಮೇಜಿನ ಮೇಲೆ ಮೂರು ಬೀಕರುಗಳಿದ್ದವು. ಮೇಲೆ ಗಾಜಿನ ಮುಚ್ಚಳ. ಚೀಟಿ ಇಲ್ಲ.

“ಒಂದ್ರಲ್ಲಿ ಅಮೋನಿಯಾ, ಒಂದ್ರಲ್ಲಿ ವಿನೆಗರ್ ಆಸಿಡ್, ಒಂದ್ರಲ್ಲಿ ನೀರು,” ಎಂದರು ನಿರ್ದೇಶಕಿ. “ತುಂಬಾ ತೆಳು ಮಾಡಿದ್ದೀನಿ. ಆದ್ರೂ ಮೂಗು ಹತ್ತಿರ ತರಬೇಡಿ, ಕೈಯಿಂದ ಬೀಸ್ಕೊಳ್ಳಿ.”

“ಈ ಪಾಠ ನಿಮಗೆ ಹೇಳಿಕೊಟ್ಟವನು ನಾನೇ, ಮೇಡಂ.”

ಸಾಕ್ಷಿಗೆಂದು ಸಹಾಯಕಿ ರಿಜಿಸ್ಟರು ಹಿಡಿದು ನಿಂತಿದ್ದಳು. ಮೇಷ್ಟ್ರು ಮೊದಲ ಮುಚ್ಚಳ ಸರಿಸಿ, ಗಾಳಿ ಬೀಸಿಕೊಂಡು ಕಾದರು. ಮೂಗಿನ ಕೆಲಸ ಕಿವಿಗೆ ಬಿದ್ದಿತ್ತು. ಪೆನ್ನು ಅಲುಗಲಿಲ್ಲ. ಅವಳ ಕಣ್ಣು ನೆಲದ ಮೇಲಿತ್ತು.

“ನೀರು,” ಎಂದರು. ಎರಡನೆಯದಕ್ಕೆ, “ಅಮೋನಿಯಾ.” ಉಳಿದದ್ದು ಆಸಿಡ್.

“ಮೂರೂ ತಪ್ಪು, ಮೇಷ್ಟ್ರೇ.” ನಿರ್ದೇಶಕಿಯ ದನಿಯಲ್ಲಿ ಗೆಲುವಿರಲಿಲ್ಲ. “ಕೀ ಇವರಿಗೆ ಕೊಟ್ಟುಬಿಡಿ.”

ಮೇಷ್ಟ್ರು ಬೀಗದಕೈಯನ್ನು ಮೇಜಿಗೆ ಎಸೆದರು. “ತಗೋಳಮ್ಮಾ, ತಗೋ. ಇದಕ್ಕೇ ತಾನೇ ಬರೆದದ್ದು? ಮೂರು ವರ್ಷ ನನ್ನ ಮೂಗಾಗಿದ್ದೋಳು, ಪೆನ್ನು ಬಡಿದು ಬಡಿದು ವಾಸನೆ ಹೇಳ್ತಿದ್ದೋಳು, ಇವತ್ತು ಕಲ್ಲಿನ ಹಾಗೆ ನಿಂತುಬಿಟ್ಟೆಯಲ್ಲ! ಅವತ್ತು ನಿನ್ನನ್ನ ಎಳ್ಕೊಂಡು ಬಂದೆ ನೋಡು, ನನ್ನ ಮೆಟ್ಟಲ್ಲಿ ನಾನೇ ಹೊಡ್ಕೋಬೇಕು.”

“ನಾನೇ ಬರೆದದ್ದು,” ಎಂದಳು ಅವಳು. “ಆದ್ರೆ ಅರ್ಧ ಬರೆದೆ, ಮೇಷ್ಟ್ರೇ. ಇನ್ನರ್ಧಕ್ಕೆ ಧೈರ್ಯ ಸಾಲಲಿಲ್ಲ.”

ಬೀಗದಕೈಯನ್ನು ಮುಟ್ಟದೆ ಗೋಡೆಯತ್ತ ತಿರುಗಿ ನಿಂತಳು. “ಮೇಡಂ, ಬೀಕರು ಅದಲುಬದಲು ಮಾಡಿ ಇಡಿ.”

ಗಾಜು ಸರಿದಾಡಿದ ಸದ್ದು ನಿಂತ ಮೇಲೆ ಇತ್ತ ತಿರುಗಿ, ಒಂದೊಂದೇ ಮುಚ್ಚಳ ತೆಗೆದಳು. ಮೇಷ್ಟ್ರು ಕಲಿಸಿದ ಹಾಗೆಯೇ ಅಂಗೈ ಬಾಗಿಸಿ ಗಾಳಿ ಬೀಸಿಕೊಂಡಳು. ಅವಸರ ಮಾಡಲಿಲ್ಲ. ಒಂದರ ಮುಂದೆ ನಿರ್ದೇಶಕಿ ಮುಖ ಕಿವುಚಿ ಹಿಂದೆ ಸರಿದರು; ಅವಳು ಇನ್ನೊಂದು ಸಲ ಬೀಸಿಕೊಂಡಳು.

“ನನಗೂ ಮೂರೂ ನೀರೇ, ಮೇಡಂ.”

ಮೇಷ್ಟ್ರು ಕುರ್ಚಿಗಾಗಿ ಹಿಂದೆ ತಡಕಾಡಿದರು.

“ಹಾಗಾದ್ರೆ ಮೂರು ವರ್ಷದಿಂದ,” ಎಂದರು, “ಅಲ್ಲಿ ವಾಸನೆ ನೋಡ್ತಿದ್ದೋರು ಯಾರು?”