ಐದು ತಾಸು ಯಾರದು?

ಹಮೀದಾಬೇಗಂ ಚಿತ್ತಾಪುರದ ಕಾಲೇಜಿನ ಸ್ಟಾಫ್ ರೂಮಿಗೆ ಬಂದವರೇ ಮಗಳ ಟಿ.ಸಿ. ಕೇಳಿದರು. ಹಿಂದೆ ಶಗುಫ್ತಾ ತಲೆ ತಗ್ಗಿಸಿ ನಿಂತಿದ್ದಳು.

"ಓದ್ಲಿಕ್ಕ ಕಳಸಿದ್ರ ಯಾರ್ದೋ ಫೋನ್ ಹಿಡಕೊಂಡು ದಿನಾ ಐದು ತಾಸು ನೋಡ್ತಾಳಂತ. ಸಾಕ್ರಿ ಸರ್, ಮನ್ಯಾಗ ಕುಂತು ಹೊಲಿಗಿ ಕಲೀಲಿ."

ತಾಯಿಗೆ ಸಿಕ್ಕ ಸಾಕ್ಷಿ ಎದುರಿಗೆ ಕುಳಿತಿದ್ದ ದೇವಿಂದ್ರ ಸರ್ ಅವರದೇ ಸಂಶೋಧನೆ. ಪಿಎಚ್.ಡಿ.ಗೆಂದು ಅವರು ತರಗತಿಯ ನಲವತ್ತು ಮಕ್ಕಳಿಂದ ಫಾರಂ ತುಂಬಿಸಿ, ಯಾರು ಎಷ್ಟು ತಾಸು ಮೊಬೈಲ್ ನೋಡುತ್ತಾರೆ, ಎಷ್ಟು ಅಂಕ ಪಡೆದಿದ್ದಾರೆ ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಮೊಬೈಲಿನಿಂದ ಮಕ್ಕಳು ಕೆಡುತ್ತಾರೆಂದು ಸಾರುವ ಆ ಪಟ್ಟಿ ಪಾಲಕರಿಗೆ ತಲುಪಿದ್ದು ಮಾತ್ರ ಮೊಬೈಲಿನಲ್ಲೇ. ಶಗುಫ್ತಾಳ ಹೆಸರಿನ ಮುಂದೆ ಐದು ತಾಸು, ಗಣಿತದಲ್ಲಿ ನೂರಕ್ಕೆ ಇಪ್ಪತ್ತೆಂಟು ಎಂದಿತ್ತು.

ತಮ್ಮ ಪಟ್ಟಿ ಒಂದು ಹುಡುಗಿಯ ಓದನ್ನೇ ನುಂಗೀತೆಂದು ಸರ್ ಎಣಿಸಿರಲಿಲ್ಲ. ಅಷ್ಟು ಹೊತ್ತು ಏನು ನೋಡುತ್ತೀ ಎಂದು ಶಗುಫ್ತಾಳನ್ನೇ ಕೇಳಿದರು.

"ಫೋನಿನ್ಯಾಗ ಎಷ್ಟು ತಾಸು ತೋರಸ್ತದ ಅದನ್ನೇ ಬರೀರಿ ಅಂದಿದ್ರಿ, ಬರದೆ. ನಮ್ಮನ್ಯಾಗ ಇರೋದು ಒಂದೇ ಫೋನ್ ಸರ್. ಅಮ್ಮೀದು."

ಹಮೀದಾಬೇಗಂ ಮನೆಯಲ್ಲೇ ಬಟ್ಟೆ ಹೊಲಿಯುವವರು. ವಾಡಿ, ಶಹಾಬಾದಿನ ಗಿರಾಕಿಗಳು ಬ್ಲೌಸಿನ ಅಳತೆ, ಕೊರಳಿನ ಡಿಸೈನು ಕಳಿಸುವುದೆಲ್ಲ ವಾಟ್ಸಾಪಿನಲ್ಲೇ. ಹೊಲಿಗೆ ಯಂತ್ರದ ಮುಂದೆ ಫೋನು ಉರಿಯುತ್ತಲೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು.

ಸರ್ ನೇರ ತರಗತಿಗೆ ಹೋಗಿ, ಮನೆಮಂದಿಗೆಲ್ಲ ಒಂದೇ ಫೋನು ಇದ್ದವರು ಕೈ ಎತ್ತಿ ಎಂದರು. ಇಪ್ಪತ್ತೊಂಬತ್ತು ಕೈ ಎದ್ದವು. ಅಪ್ಪಂದಿರ ರೀಲ್ಸು, ಅಣ್ಣಂದಿರ ಕ್ರಿಕೆಟ್ಟು ಎಲ್ಲ ಮಕ್ಕಳ ತಲೆಗೇ ಬಿದ್ದಿತ್ತು. ಪಟ್ಟಿಯನ್ನು ಗೋಡೆಯಿಂದ ಕಿತ್ತುಕೊಂಡು ಸ್ಟಾಫ್ ರೂಮಿಗೆ ಮರಳಿ, ನಡೆದದ್ದನ್ನು ಹೇಳಿದರು. ಎರಡು ವರ್ಷದ ದುಡಿಮೆ ನೀರುಪಾಲಾದರೂ ಹುಡುಗಿ ಉಳಿದಳಲ್ಲ ಎಂದು ಮನಸ್ಸು ಹಗುರಾಗಿತ್ತು.

"ಹಂಗಾದ್ರ ಫೇಲ್ ಆಗ್ಬೇಕಾದಾಕಿ ನಾನ್ರಿ," ಎಂದು ಹಮೀದಾಬೇಗಂ ನಗುತ್ತಲೇ ಕಣ್ಣೊರೆಸಿಕೊಂಡರು. ಮೂವರೂ ನಕ್ಕರು.

ಆದರೂ ಗಣಿತ ಯಾಕೆ ಕೈಕೊಟ್ಟಿತು ಎಂದು ಸರ್ ಮೆಲ್ಲಗೆ ಕೇಳಿದರು. ದಿನಾ ಸಂಜೆ ಮೂರು ತಾಸು ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತೇನೆ ಎಂದಳು ಶಗುಫ್ತಾ.

"ಅದನ್ಯಾಕ ಬರೀಲಿಲ್ಲವ್ವ?"

"ಫಾರಂನ್ಯಾಗ ಅದನ್ನ ಕೇಳಿರಲಿಲ್ರಿ."

ಹಮೀದಾಬೇಗಂ ಮಗಳ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು.

"ಟಿ.ಸಿ. ಬ್ಯಾಡ್ರಿ ಸರ್," ಎಂದರು. "ಈಕಿ ಹೆಸರು ತಗಿಬೇಕಾದದ್ದು ಕಾಲೇಜಿಂದಲ್ಲ, ನಮ್ಮ ಹೊಲಿಗಿ ಮಶೀನ್ ಮುಂದಿಂದ."